ಹಣ್ಣು ಭಾರಿ ಬಿಟ್ಟಿದೆ, ಮಿಸ್ಟರ್ ಲಾರ್ಟರ್!

ನಮ್ಮ ಸ್ಯಾಡ್ಲರ್ ಬೀದಿಯಲ್ಲಿ ಜಗಳವೇ ಆಗುವುದಿಲ್ಲ. ಇದನ್ನು ಹೆಮ್ಮೆಯ ಮಾತೆಂದು ತಿಳಿಯಬೇಡಿ, ಇದೊಂದು ಕಾಯಿಲೆ. ಬೇರೆ ಕಡೆ ಜನ ಬೇಲಿಯ ಆಚೀಚೆ ನಿಂತು ಬಾಯಿಗೆ ಬಂದಂತೆ ಬೈದಾಡಿ, ನಾಲ್ಕು ದಿನ ಮುಖ ತಿರುಗಿಸಿಕೊಂಡು, ಆಮೇಲೆ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ರಾಜಿಯಾಗುತ್ತಾರಂತೆ. ನಮಗೆ ಆ ಸುಖವಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತುಳಿಸಿಕೊಂಡ ನಾವೇ ಕ್ಷಮೆ ಕೇಳುತ್ತೇವೆ. ಅತಿ ವಿನಯ ಧೂರ್ತ ಲಕ್ಷಣ ಎನ್ನುವುದುಂಟು. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಈ ಪುಟ್ಟ ಪೇಟೆಯಲ್ಲಿ ಅದು ಗೃಹಸ್ಥರ ಲಕ್ಷಣ.

ನಾನು ನೋರಾ ಮಾಬ್ಸ್. ಆಯುಷ್ಯದ ಬಹುಭಾಗವನ್ನು ಅಂಚೆ ಕಚೇರಿಯ ಕಿಟಕಿಯ ಹಿಂದೆ ಕಳೆದವಳು. ನಿವೃತ್ತಿಯಾದ ಮೇಲೆ ಮನೆಯ ಕಿಟಕಿಯ ಹಿಂದೆ ಕೂತಿದ್ದೇನೆ. ಕಿಟಕಿ ಬದಲಾಗಿದೆ, ಕೆಲಸ ಅದೇ. ನನ್ನ ಕಿಟಕಿಯ ಎದುರಿಗೆ ಒಂದೇ ನಡುಗೋಡೆ ಹಂಚಿಕೊಂಡ ಎರಡು ಮನೆಗಳಿವೆ. ಎಡಗಡೆಯದು ಕ್ಲೆಮ್ ಲಾರ್ಟರನದು, ಬಲಗಡೆಯದು ಮಿಸ್ಟರ್ ಲಯೊನೆಲ್ ಥರ್ಲೋ ಅವರದು. ಒಬ್ಬನಿಗೆ ಏಕವಚನ, ಇನ್ನೊಬ್ಬರಿಗೆ ಬಹುವಚನ ಏಕೆ ಎಂದು ಕೇಳಬೇಡಿ. ಕ್ಲೆಮ್ ಬಸ್ ಓಡಿಸುತ್ತಿದ್ದವನು. ಕೈ ಬೀಸಿದರೆ ಸ್ಟಾಪಿಲ್ಲದ ಕಡೆಯೂ ನಿಲ್ಲಿಸುತ್ತಿದ್ದ. ಥರ್ಲೋ ಬ್ಯಾಂಕಿನಲ್ಲಿದ್ದವರು. ಅವರ ಎದುರು ನಿಂತರೆ ನಮ್ಮದೇ ದುಡ್ಡು ಕೇಳಲೂ ನಾಲಿಗೆ ತೊದಲುತ್ತಿತ್ತು.

ಕ್ಲೆಮ್ ನಿವೃತ್ತನಾದ ಮೊದಲ ವಾರದಲ್ಲೇ ಹೆಂಡತಿ ವಿನ್ನಿಯ ಅಡುಗೆಮನೆಗೆ ನುಗ್ಗಿ, ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಆ ದಿನ ಉಪ್ಪಿನ ಜಾಗದಲ್ಲಿದ್ದ ಸೋಡಾಪುಡಿ ಸೂಪಿಗೆ ಬಿತ್ತು. ವಿನ್ನಿ ಎರಡು ಚಮಚ ಕುಡಿದು, ಚಮಚ ಕೆಳಗಿಟ್ಟಳು.

"ಕ್ಲೆಮ್, ನಿನಗೆ ಹೊರಗಡೆ ಏನೂ ಕೆಲಸ ಇಲ್ವಾ?"

"ಇಲ್ವಲ್ಲ ವಿನ್ನಿ."

"ಹಾಗಾದ್ರೆ ಹುಡುಕ್ಕೋ. ಕತ್ತಲಾದ್ರೂ ಮುಗೀಬಾರ್ದು, ಅಂಥದ್ದು."

ಅದೇ ವಾರ ಚರ್ಚಿನ ಸಭಾಂಗಣದಲ್ಲಿ ಯಾರೋ ಬಂದು ಚಳಿಗಾಲದ ಹಕ್ಕಿಗಳ ಬಗ್ಗೆ ಭಾಷಣ ಮಾಡಿದರು. ಒಣ ಬ್ರೆಡ್ಡು ಎಸೆದರೆ ಹಕ್ಕಿಯ ಹೊಟ್ಟೆ ತುಂಬುವುದಿಲ್ಲ, ಹಣ್ಣು ಬಿಡುವ ಗಿಡಮರ ನೆಟ್ಟರೆ ಹಿಮದ ದಿನಗಳಲ್ಲಿ ನಿಮ್ಮ ತೋಟವೇ ಅವುಗಳ ಛತ್ರವಾಗುತ್ತದೆ ಎಂದರು. ಕೊನೆಯಲ್ಲಿ ಒಂದು ಚಿತ್ರ ತೋರಿಸಿದರು. ತಲೆಯ ಮೇಲೆ ಜುಟ್ಟು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ, ರೆಕ್ಕೆಯ ತುದಿಯಲ್ಲಿ ಅರಗಿನ ತೊಟ್ಟಿಟ್ಟಂತೆ ಕೆಂಪು. ಅದಕ್ಕೆ ವ್ಯಾಕ್ಸ್‌ವಿಂಗ್ ಎಂದು ಹೆಸರು. ಉತ್ತರದಲ್ಲಿ ಹಣ್ಣಿಗೆ ಬರ ಬಂದ ವರ್ಷ ಮಾತ್ರ ಹಿಂಡುಹಿಂಡಾಗಿ ಸಮುದ್ರ ದಾಟಿ ನಮ್ಮ ಕಡೆ ಬರುತ್ತದಂತೆ. ಉಳಿದ ನಾವೆಲ್ಲ ಚಹಾ ಕುಡಿದು ಮನೆಗೆ ಬಂದೆವು. ಕ್ಲೆಮ್ ಮಾತ್ರ ದೀಕ್ಷೆ ತೆಗೆದುಕೊಂಡು ಬಂದ.

ಮರುದಿನವೇ ಗುದ್ದಲಿ ಹಿಡಿದ. ಕೆಂಪು ಗೊಂಚಲಿನ ರೋವನ್ ಮರ, ಮುಳ್ಳಿನ ಹಾಥಾರ್ನ್ ಪೊದೆ, ಏಡಿ ಸೇಬು ಎನ್ನುವ ಪುಟ್ಟ ಹುಳಿ ಸೇಬು, ಬೆಂಕಿಮುಳ್ಳು ಎಂದು ಕರೆಯುವ, ಕಿತ್ತಳೆ ಬಣ್ಣದ ಪುಟ್ಟ ಹಣ್ಣು ಬಿಡುವ ಗಿಡ, ಒಂದಾದ ಮೇಲೊಂದು ನೆಟ್ಟ. ಎಲ್ಲವನ್ನೂ ಥರ್ಲೋ ಅವರ ಕಡೆಯ ಬೇಲಿಯುದ್ದಕ್ಕೂ ನೆಟ್ಟ, ಏಕೆಂದರೆ ಬಿಸಿಲು ಬೀಳುವುದು ಅಲ್ಲೇ. ಬೇಲಿಯ ಆಚೆ ಥರ್ಲೋ ಅವರ ಬಿಳಿ ಕಾರು ನಿಲ್ಲುತ್ತದೆ, ಅದರಾಚೆ ಅವರ ಹೆಂಡತಿ ಬೆರಿಲ್ ಬಿಳಿ ಹಾಸಿಗೆ ಬಟ್ಟೆ ಒಣಹಾಕುತ್ತಾಳೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಹಕ್ಕಿ ತಿಂದದ್ದು ಹಕ್ಕಿಯಲ್ಲೇ ಉಳಿಯುವುದಿಲ್ಲ ಎಂಬುದೂ ಹೊಳೆಯಲಿಲ್ಲ.

ಕೆಲವು ವರ್ಷಗಳಲ್ಲಿ ಮರಗಳು ಬೇಲಿ ಮೀರಿ ಬೆಳೆದು, ಶರತ್ಕಾಲ ಬಂತೆಂದರೆ ಕೆಂಪು ಗೊಂಚಲಿನ ಭಾರಕ್ಕೆ ಆಚೆಗೆ ಬಾಗತೊಡಗಿದವು. ಕರಿಹಕ್ಕಿಗಳು ಬಂದವು, ಎದೆಯ ಮೇಲೆ ಚುಕ್ಕೆಯಿರುವ ಥ್ರಷ್ ಹಕ್ಕಿಗಳು ಬಂದವು, ಸಮುದ್ರದಾಚೆಯಿಂದ ಅವುಗಳ ನೆಂಟರಿಷ್ಟರೂ ಬಂದರು. ಕ್ಲೆಮ್‌ನ ಕಡೆ ಊಟ, ಥರ್ಲೋ ಅವರ ಕಡೆ ಅದರ ಮುಂದಿನ ಕಾರ್ಯ. ಬಿಳಿ ಕಾರಿಗೆ ದಡಾರ ಎದ್ದಂತಾಯಿತು. ಬೆರಿಲ್‌ಳ ಹಾಸಿಗೆ ಬಟ್ಟೆಗಳು ಕಿತ್ತಳೆ ಚುಕ್ಕೆಯ ಹೊಸ ವಿನ್ಯಾಸ ಪಡೆದವು.

ಒಂದು ಭಾನುವಾರ ಬೆಳಿಗ್ಗೆ ಥರ್ಲೋ ಟೈ ಕಟ್ಟಿಕೊಂಡು ಬೇಲಿಯ ಹತ್ತಿರ ಬಂದರು. ಅವರ ಮುಖ ನೋಡಿ ನಾನು ಚಹಾದ ಕಪ್ಪನ್ನು ಕೆಳಗಿಟ್ಟು ಕಿಟಕಿಯನ್ನು ಸ್ವಲ್ಪ ಮೇಲೆತ್ತಿದೆ. ಗಾಳಿ ಬೇಕಿತ್ತು.

"ಹಣ್ಣು ಭಾರಿ ಬಿಟ್ಟಿದೆ, ಮಿಸ್ಟರ್ ಲಾರ್ಟರ್."

"ಅಲ್ವಾ ಮತ್ತೆ!" ಎಂದ ಕ್ಲೆಮ್.

"ಹಕ್ಕಿಗಳೂ... ತುಂಬಾನೇ ಬರ್ತವೆ."

"ಬರ್ತವೆ, ಬರ್ತವೆ! ನೆನ್ನೆಯಂತೂ ಜಾಗ ಸಾಲದೆ ಕಿತ್ತಾಡ್ಕೊಂಡ್ವು."

ಥರ್ಲೋ ತಮ್ಮ ಕಾರಿನ ಕಡೆ ನಿಧಾನವಾಗಿ ತಿರುಗಿ ನೋಡಿದರು. "ನಮ್ಮ ಕಡೇಗೂ ಅದರ ಪಾಲು ಬರ್ತಾನೇ ಇದೆ, ನೋಡಿ."

ನಮ್ಮ ಬೀದಿಯ ಭಾಷೆಯಲ್ಲಿ ಇದು ಕತ್ತಿ ಹಿರಿದ ಹಾಗೆ. ಇದಕ್ಕಿಂತ ಖಾರವಾದ ಮಾತನ್ನು ಈ ಬೀದಿಯಲ್ಲಿ ನಾನು ಕೇಳಿಯೇ ಇಲ್ಲ. ಕಿವಿ ಇದ್ದ ಯಾರೇ ಆದರೂ ಆ ಸಂಜೆಯೇ ಮರ ಸವರಿ, ಮರುದಿನ ಒಂದು ಕೇಕು ಮಾಡಿಕೊಂಡು ಹೋಗಿ ಕೊಡುತ್ತಿದ್ದರು.

ಆದರೆ ಕ್ಲೆಮ್‌ನ ಮುಖ ಅರಳಿತು. ಮಾರನೆಯ ದಿನ ಅವನು ಥರ್ಲೋ ಅವರ ಬಾಗಿಲು ತಟ್ಟಿದ್ದು ಕೇಕು ಹಿಡಿದುಕೊಂಡಲ್ಲ, ಕುಂಡದಲ್ಲಿ ಒಂದು ಬೆಂಕಿಮುಳ್ಳು ಗಿಡ ಹಿಡಿದುಕೊಂಡು.

"ಬರೀ ನಮ್ಮ ಪಾಲಲ್ಲೇ ನೀವು ಯಾಕೆ ತೃಪ್ತಿ ಪಡ್ಬೇಕು? ನಿಮ್ದೇ ಒಂದು ಇರ್ಲಿ ಅಂತ ತಂದೆ."

ಥರ್ಲೋ ಗಿಡವನ್ನೂ ಕ್ಲೆಮ್‌ನನ್ನೂ ನೋಡಿದರು. "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ? ಖಂಡಿತ ಬೇಡವಾಗಿತ್ತು."

"ಇದರಲ್ಲೇನಿದೆ ಬಿಡಿ! ನೆಡೋ ತೊಂದ್ರೇನೂ ನಿಮಗೆ ಬೇಡ, ಗುದ್ದಲಿ ತಂದಿದೀನಿ."

ಹೀಗೆ ಹೇಳಿ ಅವರ ಮುಂಬಾಗಿಲ ಪಕ್ಕದಲ್ಲೇ ಗುಂಡಿ ತೋಡಿ ನೆಟ್ಟೂಬಿಟ್ಟ. ಥರ್ಲೋ ಮೂರು ಸಲ ಧನ್ಯವಾದ ಹೇಳಿದರು. ಆ ಧನ್ಯವಾದಗಳನ್ನು ನೀವು ಕೇಳಬೇಕಿತ್ತು. ಮೂರನೆಯದಂತೂ ಹಲ್ಲಿನ ಮಧ್ಯದಿಂದ ಹೊರಬಂತು.

ಬೆಂಕಿಮುಳ್ಳು ಎರಡೇ ವರ್ಷದಲ್ಲಿ ಬಾಗಿಲೆತ್ತರ ಬೆಳೆದು ಹಣ್ಣಾಯಿತು. ಹಣ್ಣಾದದ್ದೇ ತಡ, ಒಂದು ದಪ್ಪ ಥ್ರಷ್ ಬಂದು ಅದನ್ನು ತನ್ನ ಆಸ್ತಿ ಎಂದು ಘೋಷಿಸಿತು. ಈ ಜಾತಿಯ ಥ್ರಷ್‌ನ ಸ್ವಭಾವವೇ ಹಾಗೆ. ಚಳಿಗಾಲಕ್ಕೆ ಒಂದು ಗಿಡ ಹಿಡಿದರೆ ಬೇರೊಂದು ಪ್ರಾಣಿಯನ್ನು ಹತ್ತಿರ ಬಿಡುವುದಿಲ್ಲ. ಥರ್ಲೋ ಅವರನ್ನೂ ಬಿಡಲಿಲ್ಲ. ಅವರು ಬಾಗಿಲು ತೆರೆದರೆ ಸಾಕು, ಗಿಲಕಿ ಆಡಿಸಿದಂತೆ ಗರಗರ ಸದ್ದು ಮಾಡುತ್ತ ಟೋಪಿಯ ಮೇಲೆ ಎರಗುತ್ತಿತ್ತು. ಇಡೀ ಪೇಟೆಯನ್ನು ಸಾಲದ ಕಾಗದ ಹಿಡಿದು ನಡುಗಿಸಿದ ಮನುಷ್ಯ ತಮ್ಮ ಮನೆಗೆ ತಾವು ಹಿತ್ತಲ ಬಾಗಿಲಿನಿಂದ ನುಸುಳುವಂತಾಯಿತು.

"ಅದಕ್ಕೆ ನಿಮ್ಮ ಮೇಲೆ ಎಷ್ಟು ಸಲಿಗೆ ನೋಡಿ!" ಎಂದು ಕ್ಲೆಮ್ ಬೇಲಿಯಿಂದ ಅಸೂಯೆಪಟ್ಟ. "ನನ್ನ ಹತ್ರ ಒಂದೂ ಹಾಗೆ ಬರಲ್ಲ."

"ನನ್ನ ಭಾಗ್ಯ," ಎಂದರು ಥರ್ಲೋ, ಟೋಪಿ ಒರೆಸಿಕೊಳ್ಳುತ್ತ.

ಹಾಗಾದರೆ ಯಾರಾದರೂ ಕ್ಲೆಮ್‌ಗೆ ಹೇಳಬಾರದಿತ್ತೆ ಎಂದು ನೀವು ಕೇಳಬಹುದು. ಬೀದಿಗೆಲ್ಲ ಗೊತ್ತಿತ್ತು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ನಾವೆಲ್ಲ ನಮ್ಮ ನಮ್ಮ ಕೈಲಾದ ಸುಳಿವು ಕೊಟ್ಟೆವು. ನಾನೇ ಒಮ್ಮೆ, "ಬಿಳಿ ಬಣ್ಣದ ಕಾರು ಬಹಳ ಬೇಗ ಕೊಳೆಯಾಗುತ್ತಪ್ಪ" ಎಂದೆ. "ಹೌದು ನೋರಾ, ಅದಕ್ಕೇ ನಾನು ಕಾರೇ ಇಟ್ಟಿಲ್ಲ" ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ವಿನ್ನಿಯನ್ನು ಕೇಳಿದರೆ ಅವಳು ಕಣ್ಣು ತಪ್ಪಿಸಿದಳು.

"ಗೊತ್ತು ನೋರಾ, ಎಲ್ಲಾ ಗೊತ್ತು. ಬೆರಿಲ್ ಮುಖ ನೋಡೋಕಾಗಲ್ಲ ನನಗೆ. ಆದ್ರೆ ಹೇಳಿದ್ರೆ ಅವನು ತೋಟ ಬಿಡ್ತಾನೆ. ತೋಟ ಬಿಟ್ರೆ ಎಲ್ಲಿಗೆ ಬರ್ತಾನೆ ಹೇಳು? ಅಡುಗೆಮನೆಗೇ ಬರ್ತಾನೆ!"

ಇನ್ನೊಂದು ವಿಷಯವಿತ್ತು. ಅದನ್ನು ಹೇಳದಿದ್ದರೆ ಕಥೆಗೆ ಅನ್ಯಾಯವಾಗುತ್ತದೆ. ದಿನಾ ಸಂಜೆ ಥರ್ಲೋ, ಇವತ್ತು ಖಡಾಖಂಡಿತ ಹೇಳಿಯೇಬಿಡುತ್ತೇನೆಂದು ಗಂಟಲು ಸರಿಮಾಡಿಕೊಂಡು ಬೇಲಿಯ ಹತ್ತಿರ ಬರುತ್ತಿದ್ದರು. ಕ್ಲೆಮ್ ಅವರಿಗೆ ಆ ದಿನದ ಹಕ್ಕಿಗಳ ವರದಿ ಒಪ್ಪಿಸುತ್ತಿದ್ದ. ಕರಿಹಕ್ಕಿ ಯಾರನ್ನು ಓಡಿಸಿತು, ಏಡಿ ಸೇಬನ್ನು ಯಾರು ಮುಟ್ಟಿದರು, ವ್ಯಾಕ್ಸ್‌ವಿಂಗ್ ಈ ಸಲವಾದರೂ ಬಂದೀತೇ. ಥರ್ಲೋ ಕೇಳುತ್ತಿದ್ದರು, ಕತ್ತಲಾಗುತ್ತಿತ್ತು, "ಒಳ್ಳೇದು, ಮಿಸ್ಟರ್ ಲಾರ್ಟರ್" ಎಂದು ಹೇಳಿ ಹೇಳಬೇಕಾದ್ದನ್ನು ನುಂಗಿಕೊಂಡು ಒಳಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಬಸ್ಸಿನ ತುಂಬ ಜನರನ್ನು ಕೂರಿಸಿಕೊಂಡು ಓಡಾಡಿದ ಕ್ಲೆಮ್‌ಗೆ ನಿವೃತ್ತಿಯ ನಂತರ ಮಾತು ಕೇಳುವ ಮನುಷ್ಯ ಅಂತ ಉಳಿದಿದ್ದದ್ದು ಥರ್ಲೋ ಒಬ್ಬರೇ. "ನನಗಿರೋನು ಒಬ್ಬನೇ ಸ್ನೇಹಿತ ನೋರಾ, ಆದ್ರೆ ಎಂಥಾ ಸ್ನೇಹಿತ!" ಎಂದು ಅವನು ನನಗೆ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಥರ್ಲೋ ಕಾರಿಗೆ ತಲೆಯಿಂದ ಕಾಲಿನವರೆಗೆ ಹಸಿರು ಟಾರ್ಪಾಲು ಹೊದಿಸಿದರು. ಈ ಪ್ರತಿಭಟನೆಯಾದರೂ ನಾಟೀತೆಂದು ಬೀದಿ ಕಿಟಕಿಯಲ್ಲಿ ಕಾದು ಕೂತಿತು. ಕ್ಲೆಮ್ ಟಾರ್ಪಾಲನ್ನು ನೋಡಿದ, ಸೂರ್ಯನನ್ನು ನೋಡಿದ, ಮರದ ಹಕ್ಕಿಗಳನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತು. ಕಾರಿನ ಹೊಳಪಿಗೆ ಹಕ್ಕಿ ಬೆದರಬಾರದೆಂದು ಇಂಥ ದುಬಾರಿ ಕಾರನ್ನು ಮುಚ್ಚಿಟ್ಟಿದ್ದಾರಲ್ಲ, ಇದಲ್ಲವೇ ತ್ಯಾಗ!

ಇದನ್ನು ಅವನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ನೇರ ಪಾದ್ರಿ ಪೆಟಿಟ್ ಅವರ ಹತ್ತಿರ ಹೋಗಿ ಹೇಳಿದ. ನಮ್ಮ ಪಾದ್ರಿಗಳು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಚರ್ಚಿನ ಸುಗ್ಗಿಯ ಭೋಜನದ ದಿನ ಇಡೀ ಸಭೆಯೆದುರು ಥರ್ಲೋ ಅವರನ್ನು ಎಬ್ಬಿಸಿ ನಿಲ್ಲಿಸಿ, ಪೇಟೆಯ 'ಪಕ್ಷಿಮಿತ್ರ' ಎಂದು ಘೋಷಿಸಿ, ಹಕ್ಕಿಯ ಚಿತ್ರ ಕೆತ್ತಿದ ಓಕ್ ಮರದ ಫಲಕವೊಂದನ್ನು ಅವರ ಕೈಗಿಟ್ಟರು.

"ಎರಡು ಮಾತು ಹೇಳಿ, ಮಿಸ್ಟರ್ ಥರ್ಲೋ."

ಥರ್ಲೋ ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡವರಂತೆ ನಿಂತರು. "ಹಕ್ಕಿಗಳ ಬಗ್ಗೆ ನನಗಿರೋ ಭಾವನೆಗಳನ್ನ ಈ ಪವಿತ್ರ ಜಾಗದಲ್ಲಿ ಹೇಳೋಕಾಗಲ್ಲ," ಎಂದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಕ್ಲೆಮ್. ಮರುದಿನ ತಾನೇ ಸುತ್ತಿಗೆ ತಂದು ಫಲಕವನ್ನು ಅವರ ಗೇಟಿಗೆ ಹೊಡೆದುಕೊಟ್ಟ.

ಕ್ರಿಸ್‌ಮಸ್ ಕಳೆದ ಮೇಲೆ ಅದೇ ಗೇಟಿನ ಪಕ್ಕದಲ್ಲಿ ಇನ್ನೊಂದು ಫಲಕ ಎದ್ದಿತು. ಎತ್ತರದ ಕಂಬ, ಕೆಂಪು ಅಕ್ಷರ: ಮನೆ ಮಾರಾಟಕ್ಕಿದೆ.

ನಿಮಗೆ ಇದು ಅತಿರೇಕ ಎನಿಸಬಹುದು. ನಮಗೆ ಎನಿಸಲಿಲ್ಲ. ಪಕ್ಕದ ಮನೆಯವನಿಗೆ ಮರ ಸವರು ಎಂದು ಹೇಳುವುದಕ್ಕಿಂತ ಮನೆ ಮಾರಿ ಊರು ಬಿಡುವುದು ಎಷ್ಟೋ ಮರ್ಯಾದೆಯ ದಾರಿ. ಬೀದಿಯವರೆಲ್ಲ ಥರ್ಲೋ ಅವರ ಸಂಯಮವನ್ನು ಮೆಚ್ಚಿಕೊಂಡೆವು.

ಕ್ಲೆಮ್ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದ. ಆಮೇಲೆ ಬೇಲಿಯ ಹತ್ತಿರ ಹೋದ.

"ಹೋಗ್ತಿದೀರಾ?"

"ಬೆರಿಲ್‌ಗೆ ಸಮುದ್ರದ ಗಾಳಿ ಬೇಕಂತೆ," ಎಂದರು ಥರ್ಲೋ. ಸಮುದ್ರ ನಮ್ಮ ಪೇಟೆಯಿಂದ ಕೂಗಳತೆಯಲ್ಲಿದೆ. ಅದರ ಗಾಳಿಗೆ ನಮ್ಮ ಹೊಗೆಗೂಡುಗಳೇ ಹಾರಿಹೋಗುತ್ತವೆ.

"ಸಂಜೆ ಹೊತ್ತು..." ಎಂದ ಕ್ಲೆಮ್. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೆರಿಲ್ ಅವರಿಗೆ ಬೇಕು ಅಂದ್ಮೇಲೆ ಹೋಗ್ಬೇಕಾದ್ದೇ. ಮಾರೋಕೆ ನನ್ನ ಕೈಲಾದ ಸಹಾಯ ಮಾಡ್ತೀನಿ."

"ಬೇಡಿ," ಎಂದರು ಥರ್ಲೋ ಗಾಬರಿಯಿಂದ. "ದಯವಿಟ್ಟು ತೊಂದ್ರೆ ತಗೋಬೇಡಿ."

"ತೊಂದ್ರೆ ಏನು ಬಂತು!"

ಅಂದಿನಿಂದ ಮನೆ ನೋಡಲು ಯಾರೇ ಬರಲಿ, ಬೇಲಿಯ ಮೇಲಿನಿಂದ ಕ್ಲೆಮ್‌ನ ತಲೆ ಏಳತೊಡಗಿತು. ದುಃಖವನ್ನು ಅದುಮಿಕೊಂಡು ಅವನು ಆ ಮನೆಯ ಗುಣಗಾನ ಮಾಡುವುದನ್ನು ಕೇಳಿದರೆ ಕರುಳು ಚುರುಕ್ ಎನ್ನುತ್ತಿತ್ತು.

"ಇಂಥಾ ಮನೆ ಸಿಗಲ್ಲ ನಿಮಗೆ! ಬೆಳಗಿನ ಜಾವ ಕತ್ತಲಿರೋವಾಗ್ಲೇ ಕೂಗು ಶುರು. ಕಿಟಕಿ ಮುಚ್ಚಿದ್ರೂ ಕೇಳುತ್ತೆ, ಅದರ ಚಿಂತೆ ಬೇಡ. ಮುಂಬಾಗಿಲಲ್ಲಿ ಒಂದು ಥ್ರಷ್ ಇದೆ, ಬಂದವರನ್ನ ಮುಟ್ಟೇ ಮಾತಾಡ್ಸುತ್ತೆ. ಕಾರಿದ್ಯಾ ನಿಮಗೆ? ಬಣ್ಣ ಯಾವುದಾದ್ರೂ ಪರವಾಗಿಲ್ಲ, ಆಮೇಲೆ ಎಲ್ಲಾ ಒಂದೇ ಥರ ಕಾಣುತ್ತೆ!"

ಬಂದವರು ಬಹಳ ಸಂತೋಷವಾಯಿತು ಎಂದು ಹೇಳಿ ಹೋದರು. ಯಾರೂ ಎರಡನೆಯ ಸಲ ಬರಲಿಲ್ಲ. ಮನೆ ದಲ್ಲಾಳಿ ಥರ್ಲೋ ಅವರಿಗೆ, "ನಿಮ್ಮ ಪಕ್ಕದ ಮನೆಯವರು ಬಹಳ ಉತ್ಸಾಹಿಗಳು" ಎಂದನಂತೆ. "ಹೌದು, ಅವರಂಥವರು ಇನ್ನೊಬ್ಬರಿಲ್ಲ" ಎಂದರಂತೆ ಥರ್ಲೋ. ಆ ರಾತ್ರಿ ಅವರು ಔಷಧಿಯ ನೆಪದಲ್ಲಿ ಒಂದು ಗ್ಲಾಸು ಬ್ರಾಂದಿ ಕುಡಿದರೆಂದು ಬೆರಿಲ್ ನನ್ನ ಕಿವಿಯಲ್ಲಿ ಹೇಳಿದಳು.

ಅಂತೂ ಒಂದು ಜೋಡಿ ಸಿಕ್ಕಿತು. ಮಧ್ಯವಯಸ್ಸಿನ ಗಂಡಹೆಂಡತಿ, ಲಂಡನ್ನಿನವರು, ಮನೆ ನೋಡಲು ಬಂದ ದಿನ ಕ್ಲೆಮ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ. ಮನೆ ಅವರಿಗೆ ಮೆಚ್ಚಿಗೆಯಾಯಿತು. ಬರುವ ಶನಿವಾರ ಬೆಳಿಗ್ಗೆ ಇನ್ನೊಮ್ಮೆ ಕಣ್ಣು ಹಾಯಿಸಿ ಮಾತು ಮುಗಿಸುತ್ತೇವೆಂದು ಹೇಳಿಹೋದರು. ಶನಿವಾರ ಥರ್ಲೋ ಟಾರ್ಪಾಲು ತೆಗೆದು, ಕಾರನ್ನು ತೊಳೆದು, ಮೇಣ ಹಚ್ಚಿ, ಕನ್ನಡಿಯಂತೆ ಮಾಡಿ ಮನೆಯ ಮುಂದೆ ನಿಲ್ಲಿಸಿದರು. ಬೆರಿಲ್ ಹೊಸ ಬಿಳಿ ಮೇಜುಬಟ್ಟೆಯನ್ನು ತಂತಿಗೆ ಹಾಕಿದಳು. ಹಿಂದಿನ ದಿನ ಹಿಮ ಬಿದ್ದು ಜಗತ್ತೆಲ್ಲ ಬೆಳ್ಳಗಿತ್ತು. ಕ್ಲೆಮ್‌ನ ಮರಗಳು ಮಾತ್ರ ಕೆಂಪಗೆ ಉರಿಯುತ್ತಿದ್ದವು.

ಆಗ ಬಂತು ಹಿಂಡು.

ಮೊದಲು ಕಿರುಗಂಟೆಗಳನ್ನು ಅಲ್ಲಾಡಿಸಿದಂಥ ಸದ್ದು. ಆಮೇಲೆ ಆಕಾಶದ ಒಂದು ತುಂಡೇ ಇಳಿದು ಬಂದು ರೋವನ್ ಮರದ ಮೇಲೆ ಕೂತಿತು. ಜುಟ್ಟು, ಕಾಡಿಗೆ, ಅರಗಿನ ತೊಟ್ಟು, ಎಲ್ಲವೂ ಚಿತ್ರದಲ್ಲಿದ್ದ ಹಾಗೇ. ಕ್ಲೆಮ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಹೊರಗೆ ಓಡಿಬಂದ. ಕೂಗಲಿಲ್ಲ, ಕುಣಿಯಲಿಲ್ಲ. ಹಿಮದಲ್ಲಿ ನಿಂತು ಮೇಲೆ ನೋಡುತ್ತ, "ಬಂದ್ರಾ, ಬನ್ನಿ, ಊಟ ಮಾಡಿ" ಎಂದು ಮೆಲ್ಲಗೆ ಹೇಳಿದ, ದೂರದಿಂದ ಬಂದ ನೆಂಟರಿಗೆ ಹೇಳುವ ಹಾಗೆ.

ಇಂಥ ಸುದ್ದಿ ಹೇಗೆ ಹರಡುತ್ತದೋ ದೇವರೇ ಬಲ್ಲ. ಅರ್ಧ ಗಂಟೆಯೊಳಗೆ ದುರ್ಬೀನು ಹೊತ್ತ ಜನ ಕಾರುಗಳಲ್ಲಿ ಬಂದಿಳಿದರು. ಥರ್ಲೋ ಅವರ ಗೇಟಿನಲ್ಲಿ 'ಪಕ್ಷಿಮಿತ್ರ' ಎಂದಿದ್ದರಿಂದ ನೇರ ಅವರ ಅಂಗಳಕ್ಕೇ ನುಗ್ಗಿ ಮೂರು ಕಾಲಿನ ಸ್ಟ್ಯಾಂಡುಗಳನ್ನು ಊರಿದರು. ಒಬ್ಬ ಥರ್ಲೋ ಅವರ ಕೈಕುಲುಕಿ, "ನಿಮ್ಮಂಥವರಿಂದಲೇ ಸರ್ ಹಕ್ಕಿಗಳು ಉಳಿದಿರೋದು" ಎಂದ. ಇನ್ನೊಬ್ಬ ಅವರ ಹೂವಿನ ಪಾತಿಯಲ್ಲಿ ನಿಂತು ಬಿಸ್ಕತ್ತು ತಿಂದ. ಈ ಜಾತ್ರೆಯ ನಡುವೆ ಲಂಡನ್ನಿನ ದಂಪತಿಗಳು ದಲ್ಲಾಳಿಯ ಜೊತೆ ಬಂದಿಳಿದರು. ಹೆಂಗಸು ಕೆನೆಬಣ್ಣದ ಕೋಟು ಹಾಕಿದ್ದಳು.

ವ್ಯಾಕ್ಸ್‌ವಿಂಗ್‌ಗಳ ವಿಷಯದಲ್ಲಿ ಭಾಷಣಕಾರರು ಒಂದು ಮಾತು ಹೇಳದೆ ಬಿಟ್ಟಿದ್ದರು. ಅವು ತಿನ್ನುವ ವೇಗಕ್ಕೂ ಬಿಡುವ ವೇಗಕ್ಕೂ ಹೆಚ್ಚು ಅಂತರವಿಲ್ಲ. ಇಡೀ ಹಿಂಡು ಒಮ್ಮೆಲೇ ಹಾರಿ ಬೇಲಿ ದಾಟಿತು. ಮೇಣ ಹಚ್ಚಿದ ಕಾರು, ಹೊಸ ಮೇಜುಬಟ್ಟೆ, ಕೆನೆಬಣ್ಣದ ಕೋಟು, ಮೂರೂ ಏಕಕಾಲಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿದವು.

"ಎಷ್ಟು ಚೆಂದದ ಜಾಗ," ಎಂದಳು ಲಂಡನ್ನಿನ ಹೆಂಗಸು ಕರವಸ್ತ್ರ ಹುಡುಕುತ್ತ. "ಪತ್ರ ಬರೀತೀವಿ." ಅವರ ಕಾರು ತಿರುವಿನಲ್ಲಿ ಮರೆಯಾಯಿತು. ಪತ್ರ ಇವತ್ತಿನವರೆಗೆ ಬಂದಿಲ್ಲ.

ಥರ್ಲೋ ತಮ್ಮ ಕಾರನ್ನು ನೋಡಿದರು. ಅವರ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಟೈ ಸಡಿಲಿಸಿದರು. ಅವರು ಟೈ ಸಡಿಲಿಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಲೋ ಕ್ಲೆಮ್!"

ಎಲ್ಲ ಕಿಟಕಿಗಳ ಪರದೆಗಳು ಒಟ್ಟಿಗೆ ಸರಿದವು.

"ಸಾಕಾಗಿ ಹೋಯ್ತು ಕಣೋ! ನಿನ್ನ ಹಣ್ಣು, ನಿನ್ನ ಹಕ್ಕಿ, ಅವುಗಳ ಹಿಕ್ಕೆ! ನನ್ನ ಕಾರು ಹಾಳಾಯ್ತು, ಬೆರಿಲ್ ಬಟ್ಟೆ ಹಾಳಾಯ್ತು, ನನ್ನ ಮನೆ ಬಾಗಿಲಿಗೆ ನಾನೇ ಹೋಗೋ ಹಾಗಿಲ್ಲ! ಊರು ಬಿಟ್ಟು ಹೋಗ್ತೀನಿ ಅಂದ್ರೂ ಬಿಡ್ತಿಲ್ವಲ್ಲೋ ನೀನು!"

ಕ್ಲೆಮ್ ಒಂದೇ ಬೂಟಿನಲ್ಲಿ ಕುಂಟುತ್ತ ಬೇಲಿಯ ಹತ್ತಿರ ಬಂದ. "ನಿಮಗೆ... ಹಕ್ಕಿ ಅಂದ್ರೆ ಇಷ್ಟ ಇಲ್ವಾ?"

"ಇಲ್ಲ!" ಎಂದು 'ಪಕ್ಷಿಮಿತ್ರ' ಫಲಕಕ್ಕೆ ಗುದ್ದಿದರು ಥರ್ಲೋ.

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳ್ದೆ! ಪ್ರತಿ ವರ್ಷ ಹೇಳ್ದೆ! 'ಹಣ್ಣು ಭಾರಿ ಬಿಟ್ಟಿದೆ' ಅಂದೆ! ಇನ್ನು ಅದಕ್ಕಿಂತ ಬಾಯಿಬಿಟ್ಟು ಹೇಗಪ್ಪಾ ಹೇಳೋದು ಒಬ್ಬ ಮನುಷ್ಯ?"

ದುರ್ಬೀನಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅವರೂ ಈ ದೇಶದವರೇ. ಇಷ್ಟು ಸ್ಪಷ್ಟವಾಗಿ ಹೇಳಿದ್ದೂ ಅರ್ಥವಾಗಲಿಲ್ಲವೆಂದರೆ ಆಶ್ಚರ್ಯವೇ ಸರಿ ಎಂಬಂತೆ ಕ್ಲೆಮ್‌ನನ್ನು ನೋಡಿದರು.

ಕ್ಲೆಮ್ ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಗರಗಸವಿತ್ತು. ಒಂದು ಕಾಲಿಗೆ ಇನ್ನೂ ಬೂಟಿರಲಿಲ್ಲ. ನೇರ ರೋವನ್ ಮರದ ಬುಡಕ್ಕೆ ಹೋಗಿ ಮೊಣಕಾಲೂರಿದ.

"ಕ್ಲೆಮ್! ಏನೋ ಮಾಡ್ತಿದೀಯ?" ಎಂದು ವಿನ್ನಿ ಚೀರಿದಳು.

"ಮರ ಹೋದ್ರೆ ಹೋಗ್ಲಿ," ಎಂದ ಕ್ಲೆಮ್. ಬೇಲಿಯ ಕಡೆ ನೋಡಲಿಲ್ಲ. "ಮರ ಇನ್ನೊಂದು ನೆಡಬಹುದು. ಮಿಸ್ಟರ್ ಥರ್ಲೋ, ನೀವು ಹೋಗ್ಬೇಡಿ."

ನನ್ನ ಕನ್ನಡಕ ಮಂಜಾಯಿತು, ಚಹಾದ ಹಬೆ ಇರಬೇಕು. ಅಷ್ಟರಲ್ಲಿ ಥರ್ಲೋ ಅವರ ಬಾಗಿಲ ಪಕ್ಕದ ಬೆಂಕಿಮುಳ್ಳಿನ ಮೇಲೆ ಗಲಾಟೆಯೆದ್ದಿತು. ವ್ಯಾಕ್ಸ್‌ವಿಂಗ್‌ಗಳ ಒಂದು ದಂಡು ಅಲ್ಲಿ ಇಳಿದಿತ್ತು. ಗರಗರ ಎನ್ನುತ್ತ ಥ್ರಷ್ ಒಂದನ್ನು ಓಡಿಸಿದರೆ ಹಿಂದಿನಿಂದ ಹತ್ತು 'ಊಟಕ್ಕೆ ಬಂದೆವು' ಎಂದು ಕೂರುತ್ತಿದ್ದವು. ಆ ದಪ್ಪ ಯಜಮಾನ ಆ ಕೊಂಬೆಗೂ ಈ ಕೊಂಬೆಗೂ ಹಾರಿ ಹಾರಿ ಸುಸ್ತಾಗಿ, ಕೊನೆಗೆ ಥರ್ಲೋ ಅವರ ಚಾವಣಿಯ ಮೇಲೆ ಕೂತು, ಎಲ್ಲ ಕಳೆದುಕೊಂಡ ಜಮೀನ್ದಾರನಂತೆ ಕೆಳಗೆ ನೋಡಿತು.

"ಹಾಗೇ ಆಗ್ಬೇಕು ನಿನಗೆ!" ಎಂದು ಕೂಗಿದರು ಥರ್ಲೋ. "ತಿನ್ರೋ! ಎಲ್ಲಾ ತಿನ್ರೋ! ಒಂದನ್ನೂ ಬಿಡಬೇಡಿ ಅದಕ್ಕೆ!" ಹೀಗೆ ಹೇಳಿ ನಕ್ಕರು. ಬೆರಿಲ್ ಗಾಬರಿಯಿಂದ ಅವರ ತೋಳು ಹಿಡಿದಳು. ಗಂಡ ಹಾಗೆ ನಕ್ಕಿದ್ದನ್ನು ಅವಳೂ ಕೇಳಿರಲಿಲ್ಲವೆಂದು ಕಾಣುತ್ತದೆ.

ನಗು ನಿಂತ ಮೇಲೆ ಅವರು ಟೈ ಸರಿಮಾಡಿಕೊಂಡು ಬೇಲಿಯ ಹತ್ತಿರ ಬಂದರು. ಅಭ್ಯಾಸಬಲ, ಸಂಜೆಯ ಜಾಗಕ್ಕೇ ಬಂದು ನಿಂತರು.

"ಮರ ಕಡಿಯೋ ಅವಶ್ಯಕತೆ ಏನೂ ಇಲ್ಲ, ಮಿಸ್ಟರ್ ಲಾರ್ಟರ್. ಇದ್ರೂ ಪರವಾಗಿಲ್ಲ."

ಕ್ಲೆಮ್ ತಲೆಯೆತ್ತಿ ನೋಡಿದ. ಅವನು ಈಗ ಮೊದಲಿನ ಕ್ಲೆಮ್ ಅಲ್ಲ. ನೆರೆಯವರ ಮಾತಿನ ಒಳಗುಟ್ಟನ್ನು ಇದೀಗ ತಾನೇ ಕಲಿತವನು. "ಅರ್ಥವಾಯ್ತು," ಎಂದು ಗಂಭೀರವಾಗಿ ಹೇಳಿ ಗರಗಸ ಎಳೆಯಲು ಶುರುಮಾಡಿದ.

"ಇಲ್ಲ, ನಿಜವಾಗ್ಲೂ ಪರವಾಗಿಲ್ಲ!"

"ಅರ್ಥವಾಯ್ತು ಅರ್ಥವಾಯ್ತು!" ಗರಗಸದ ವೇಗ ಹೆಚ್ಚಿತು.

"ನನಗೇನೂ ಬೇಜಾರಿಲ್ಲ ಅಂತಿದೀನಲ್ಲ!"

"ಇನ್ನು ಹೇಳ್ಬೇಡಿ ಮಿಸ್ಟರ್ ಥರ್ಲೋ, ನನಗೆ ನಾಚಿಕೆಯಾಗುತ್ತೆ!" ಮರದ ಪುಡಿ ಹಿಮದ ಮೇಲೆ ಉದುರತೊಡಗಿತು.

ಆಗ ಥರ್ಲೋ, ಬ್ಯಾಂಕಿನ ಥರ್ಲೋ, ಬೇಲಿ ಹತ್ತಿದರು. ಅವರ ಪ್ಯಾಂಟಿನ ಹಿಂಭಾಗ ಹಾಥಾರ್ನ್ ಮುಳ್ಳಿಗೆ ಸಿಕ್ಕಿ ಪರ್ ಎಂದಿತು. ಆಚೆ ಬಿದ್ದು, ಎದ್ದು, ಎರಡೂ ಕೈಗಳಿಂದ ಮರವನ್ನು ತಬ್ಬಿಕೊಂಡರು.

"ಲೋ ಕತ್ತೆ! ಬೇಡ ಅಂದ್ರೆ ಬೇಡ! ಗರಗಸ ಕೆಳಗಿಡು!"

ಕ್ಲೆಮ್‌ನ ಕೈ ನಿಂತಿತು. ಈ ಭಾಷೆ ಅವನಿಗೆ ತಟ್ಟನೆ ಅರ್ಥವಾಯಿತು.

"ಹಾಗಾದ್ರೆ... ಹೋಗಲ್ವಾ?"

"ಎಲ್ಲಿಗೆ ಸಾಯೋಕೆ ಹೋಗ್ಲಿ? ಅಲ್ಲಿ ಸಂಜೆ ಹೊತ್ತು ನಾನು ಯಾರನ್ನ ಸಹಿಸ್ಕೊಳ್ಲಿ?"

ದುರ್ಬೀನಿನವರು ಚಪ್ಪಾಳೆ ತಟ್ಟಿದರು. ಹಕ್ಕಿಗಳು ಒಮ್ಮೆ ಹಾರಿ, ಮತ್ತೆ ಬಂದು ಕೂತು ಊಟ ಮುಂದುವರಿಸಿದವು. ವಿನ್ನಿ ಎಲ್ಲರಿಗೂ ಚಹಾ ಮಾಡಲು ಒಳಗೆ ಓಡಿದಳು. ಬೆರಿಲ್ ಮೇಜುಬಟ್ಟೆಯನ್ನು ತಂತಿಯಿಂದ ಎಳೆದು, ತಿರುಗಿಸಿ ಹಾಸಿ, ಅದರ ಮೇಲೆಯೇ ಕಪ್ಪುಗಳನ್ನಿಟ್ಟಳು.

ಈಗ ಥರ್ಲೋ ಅವರ ಕಾರು ನನ್ನ ಮನೆಯ ಪಕ್ಕದ ಜಾಗದಲ್ಲಿ ನಿಲ್ಲುತ್ತದೆ. ಬೆರಿಲ್‌ಳ ಬಟ್ಟೆಯ ತಂತಿ ಮನೆಯ ಇನ್ನೊಂದು ಪಕ್ಕಕ್ಕೆ ಹೋಗಿದೆ. ಎರಡೂ ಕೆಲಸಕ್ಕೆ ಸೇರಿ ಒಂದು ಬೆಳಗು ಸಾಕಾಯಿತು. ಇಷ್ಟು ವರ್ಷ ಯಾಕೆ ಯಾರಿಗೂ ಹೊಳೆಯಲಿಲ್ಲ ಎಂದು ಕೇಳಬೇಡಿ, ಹೊಳೆಯಬೇಕಾದರೆ ಮೊದಲು ಯಾರಾದರೂ ಮಾತಾಡಬೇಕಲ್ಲ. ಮಾರಾಟದ ಫಲಕವನ್ನು ಕ್ಲೆಮ್ ಕಿತ್ತು ಅಡ್ಡ ಮಲಗಿಸಿ, ಅದರ ಕಂಬದ ಮೇಲೆಯೇ ಕೂರಿಸಿ, ಹಕ್ಕಿಗಳಿಗೆ ಸೇಬಿನ ಚೂರು ಇಡುವ ಮೇಜು ಮಾಡಿದ್ದಾನೆ. ಬಗ್ಗಿ ನೋಡಿದರೆ ಅಡಿಯಲ್ಲಿ ಕೆಂಪು ಅಕ್ಷರಗಳು ಇನ್ನೂ ಕಾಣುತ್ತವೆ. ರೋವನ್ ಮರದ ಬುಡದಲ್ಲಿ ಗರಗಸದ ಗಾಯ ಮಾಯುತ್ತ ಬಂದಿದೆ.

ಮೊನ್ನೆ ಸಂಜೆ ಥರ್ಲೋ ಎಂದಿನಂತೆ ಬೇಲಿಯ ಹತ್ತಿರ ಬಂದರು. ಸೆಪ್ಟೆಂಬರ್ ಬಿಸಿಲಿಗೆ ಗೊಂಚಲುಗಳು ಕೆಂಪೇರಿದ್ದವು. ನಾನು ಕಿಟಕಿ ಎತ್ತಿದೆ.

"ಈ ಸಲ ಹಣ್ಣು ಭಾರಿ ಬಿಟ್ಟಿದೆ, ಕ್ಲೆಮ್."

ಕ್ಲೆಮ್‌ನ ಕೈಯಲ್ಲಿದ್ದ ನೀರಿನ ಡಬ್ಬಿ ಅಲ್ಲೇ ನಿಂತಿತು. "ಇದು ಹೊಗಳಿದ್ದೋ, ಬೈದದ್ದೋ?"

ಥರ್ಲೋ ಮರವನ್ನು ನೋಡಿದರು. "ಅರ್ಧರ್ಧ."

"ಹಾಗಾದ್ರೆ ನಿಮ್ಮ ಹಿತ್ತಲಿಗೆ ಇನ್ನೊಂದು ಗಿಡ ತಂದು ನೆಡ್ಲಾ?"

"ತಂದ್ರೆ ಕಾಲು ಮುರೀತೀನಿ."

ಕ್ಲೆಮ್ ಆ ಸಂಜೆ ಮನೆಯೊಳಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ. ಅವನ ಆನಂದ ನೋಡಿದರೆ, ಈ ಬೀದಿಯಲ್ಲಿ ಇಷ್ಟು ಪ್ರೀತಿಯ ಮಾತನ್ನು ಅವನಿಗೆ ಯಾರೂ ಆಡಿರಲಿಲ್ಲ ಎಂದು ಕಾಣುತ್ತದೆ.